ಮೇಣ ಮತ್ತು ವಿವೇಕ

ಅಹಿಂಸೆಯ ಪ್ರಶ್ನೆ ಅಡುಗೆಮನೆಯಲ್ಲಿ ಹುಟ್ಟಿ ಅಡುಗೆಮನೆಯಲ್ಲಿಯೇ ಮುಗಿಯುತ್ತದೆ ಎಂದು ಭಾವಿಸುವವರು ಬಹಳ. ಸೋಸಿದ ನೀರು, ಸೂರ್ಯಾಸ್ತಕ್ಕೆ ಮುನ್ನ ಊಟ, ಕಂದಮೂಲಗಳ ವರ್ಜನೆ ಇವುಗಳನ್ನು ನಿಷ್ಠೆಯಿಂದ ಪಾಲಿಸುವ ಮನೆಗಳಲ್ಲಿಯೂ, ಅಂಗಳದಲ್ಲಿ ನಿಂತ ವಾಹನದ ಮೈಗೆ ಏನನ್ನು ಸವರಲಾಗುತ್ತಿದೆ ಎಂದು ವಿಚಾರಿಸಿದವರು ವಿರಳ. ಕಾರ್ಕಳದ ಸಮೀಪದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಈ ವಿಚಾರ ಹೊಳೆದದ್ದು ಒಂದು ಭಾದ್ರಪದ ಮಾಸದಲ್ಲಿ. ಅದಕ್ಕೆ ನಿಮಿತ್ತವಾದದ್ದು ಅವರದೇ ಒಂದು ದುಡುಕಿನ ಮಾತು.

ನಿವೃತ್ತಿಯ ಹಣದಲ್ಲಿ ಕೊಂಡ ಕಡುನೀಲಿ ಬಣ್ಣದ ಕಾರು ಅದು. ಮೂಡುಬಿದಿರೆಗೂ ವೇಣೂರಿಗೂ ದಂಪತಿಗಳನ್ನು ಅನೇಕ ಸಲ ಕರೆದೊಯ್ದಿತ್ತು. ಶ್ರವಣಬೆಳಗೊಳದ ದಾರಿಯನ್ನೂ ಕಂಡಿತ್ತು. ಕಾರಿಗೆಂದು ಮಾಡಿನ ಆಸರೆ ಇರಲಿಲ್ಲ. ಹಲಸಿನ ಮರದ ನೆರಳೇ ಅದರ ಮನೆ. ಬೇಸಿಗೆಯಲ್ಲಿ ಮರದಿಂದ ಮೇಣ ಒಸರುತ್ತಿತ್ತು, ಹಣ್ಣಿನ ಆಸೆಗೆ ಬಂದ ಬಾವಲಿಗಳು ರಾತ್ರಿಯಿಡೀ ಹಿಕ್ಕೆ ಹಾಕುತ್ತಿದ್ದವು, ಮುರಕಲ್ಲಿನ ಕೆಂಪು ಧೂಳು ಅದರ ಮೇಲೆ ಕೂರುತ್ತಿತ್ತು. ಆ ವರ್ಷ ಮಳೆ ಹಿಂದೆಗೆದು ಬಿಸಿಲು ಬಿದ್ದಾಗ ಮುಖ್ಯೋಪಾಧ್ಯಾಯರು ಬಾನೆಟ್ಟಿನ ಮೇಲೆ ಬಾಗಿ ನೋಡಿದರು. ಜೇಡರ ಬಲೆಯಂಥ ಸೂಕ್ಷ್ಮ ಗೀರುಗಳು ಎಲ್ಲೆಡೆ ಹಬ್ಬಿದ್ದವು. ತೋಟದ ಕೆಲಸಕ್ಕೆ ಬರುವ ಯುವಕನೇ ನಿತ್ಯ ಬೆಳಿಗ್ಗೆ ಕಾರನ್ನು ಒರಸುತ್ತಿದ್ದವನು. ಅವನನ್ನು ಕರೆದು, ನೆರೆಯವರಿಗೂ ಕೇಳುವಂತೆ, ‘ಹತ್ತು ವರ್ಷದ ವಸ್ತುವನ್ನು ಒಂದು ಬಟ್ಟೆಯಲ್ಲಿ ಹಾಳುಮಾಡಿದೆಯಲ್ಲ!’ ಎಂದು ಗದರಿದರು. ಅವನು ತಲೆತಗ್ಗಿಸಿ, ‘ನೀವು ಹೇಳಿದ ಹಾಗೇ ಒರಸಿದ್ದು, ಮಾಸ್ಟ್ರೇ’ ಎಂದಷ್ಟೇ ಹೇಳಿ ಸುಮ್ಮನಾದ.

ಆ ಮಾತು ಸತ್ಯವೆಂದು ತಿಳಿಯಲು ಅವರಿಗೆ ನಾಲ್ಕು ದಿನ ಬೇಕಾಯಿತು. ಬೆಂಗಳೂರಿನಲ್ಲಿ ವಾಹನಗಳ ಬಣ್ಣದ ಉದ್ಯೋಗದಲ್ಲಿರುವ ಸೋದರಳಿಯ ಹಬ್ಬಕ್ಕೆ ಬಂದಿದ್ದವನು ವಿಷಯವನ್ನು ಬಿಡಿಸಿ ಹೇಳಿದ. ಕಾರಿನ ಬಣ್ಣವೆಂಬುದು ಒಂದೇ ಪದರವಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಒಂದು ಲೇಪ. ಎಲ್ಲವೂ ಸೇರಿದರೂ ದಪ್ಪ ಸುಮಾರು 100ರಿಂದ 120 ಮೈಕ್ರಾನ್; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬಿಸಿಲನ್ನೂ ಮಳೆಯನ್ನೂ ಎದುರಿಸುವ ಪಾರದರ್ಶಕ ಲೇಪದ ಪಾಲು ಅದರಲ್ಲಿ 40–50 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತ ತೆಳು. ಒಣಗಿದ ಧೂಳಿನ ಮೇಲೆ ಒಣಬಟ್ಟೆ ಎಳೆದರೆ ಧೂಳಿನ ಕಣವೇ ಉಪ್ಪುಕಾಗದವಾಗುತ್ತದೆ. ದಿನಾ ಒರಸಬೇಕೆಂದು ಕಟ್ಟುನಿಟ್ಟು ಮಾಡಿದವರು ಯಾರು? ಮುಖ್ಯೋಪಾಧ್ಯಾಯರೇ. ಹೊಳಪು ಉಳಿಯಲೆಂದು ಅವರು ವಿಧಿಸಿದ ನಿಯಮವೇ ಹೊಳಪನ್ನು ತಿಂದಿತ್ತು.

ಪೇಟೆಯಲ್ಲಿ ‘ಪಾಲಿಶ್’ ಎಂದು ಒಂದೇ ಹೆಸರಿನಿಂದ ಕರೆಯುವ ಎರಡು ಕೆಲಸಗಳು ಪರಸ್ಪರ ವಿರುದ್ಧವಾದವು ಎಂಬುದನ್ನೂ ಅವರು ಅಂದೇ ತಿಳಿದರು. ನಿಜವಾದ ಪಾಲಿಶ್‌ನಲ್ಲಿ ಸೂಕ್ಷ್ಮವಾದ ಉಜ್ಜುಪುಡಿ ಇರುತ್ತದೆ. ಅದು ಗೀರಿನ ಸುತ್ತಲ ಲೇಪವನ್ನು ಸವೆಸಿ ಸಮತಟ್ಟು ಮಾಡುತ್ತದೆ. ಹೊಳಪು ಬರುತ್ತದೆ, ದಪ್ಪ ಹೋಗುತ್ತದೆ. ಮೇಣ ಹಾಗಲ್ಲ. ಅದು ಏನನ್ನೂ ತೆಗೆಯದೆ ಮೇಲೆ ಕುಳಿತು, ತಾನು ಸವೆದು ಬಣ್ಣವನ್ನು ಕಾಯುತ್ತದೆ. ವರ್ಷವರ್ಷವೂ ಪಾಲಿಶ್ ಮಾಡಿಸುವವನು ಬಂಡವಾಳವನ್ನೇ ಖರ್ಚು ಮಾಡುವ ಗೃಹಸ್ಥನಂತೆ. ಒಮ್ಮೆ ಅಗತ್ಯವಿದ್ದರೆ ಮಿತವಾಗಿ ಸವೆಸಿ, ಅನಂತರ ರಕ್ಷಣೆಗೆ ಗಮನ ಕೊಡುವುದೇ ಬಾಳಿಕೆಯ ದಾರಿ.

ರಕ್ಷಣೆಗೆ ಬೇಕಾದದ್ದು ಮನೆಯಲ್ಲಿಯೇ ಇತ್ತು. ಅಟ್ಟದಲ್ಲಿ ಮೇಣದ ಒಂದು ಡಬ್ಬಿ, ಅರ್ಧ ಮುಗಿದದ್ದು. ಮುಚ್ಚಳದ ಮೇಲೆ ತಾಳೆಮರದ ಚಿತ್ರ; ‘ಕಾರ್ನೌಬಾ’ ಎಂಬ ಹೆಸರು. ಮರದ ಮೇಣವೆಂದು ನಂಬಿ ಹಲವು ದೀಪಾವಳಿಗಳಲ್ಲಿ ಅದನ್ನು ಸವರಿದ್ದರು. ಅವರ ಪತ್ನಿ ಕನ್ನಡಕ ಹಾಕಿಕೊಂಡು ಡಬ್ಬಿಯ ಅಡಿಯ ಸಣ್ಣಕ್ಷರಗಳನ್ನು ಓದಿದರು. ಎರಡನೆಯ ಸಾಲಿನಲ್ಲಿಯೇ ಜೇನುಮೇಣದ ಹೆಸರಿತ್ತು. ಔಷಧಿಯ ಅನುಪಾನಕ್ಕೂ ಜೇನು ಮುಟ್ಟದ ಮನೆ ಅದು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಶ್ರಾವಕನ ಮೂಲಗುಣಗಳಲ್ಲಿ ಎಣಿಸಿದ್ದಾರೆ. ಆಕೆ ಏನೂ ಹೇಳದೆ ಡಬ್ಬಿಯನ್ನು ಗಂಡನ ಕೈಗಿತ್ತರು.

ಇದರಲ್ಲಿ ತಯಾರಕನ ಮೋಸವೇನೂ ಇರಲಿಲ್ಲ. ಕಾರ್ನೌಬಾ ಮೇಣ ಅತಿ ಗಡುಸು. ಅದು ಕರಗಲು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕೈಯಿಂದ ಸವರುವಷ್ಟು ಮೆದುವಾಗಿಸಲು ಎಣ್ಣೆ, ದ್ರಾವಕಗಳ ಜೊತೆ ಬೇರೆ ಮೃದುಮೇಣವನ್ನೂ ಬೆರೆಸುವುದುಂಟು. 62–64 ಡಿಗ್ರಿಯಲ್ಲಿ ಕರಗುವ ಜೇನುಮೇಣ ಆ ಕೆಲಸಕ್ಕೆ ಒದಗುತ್ತದೆ. ಕೆಲಸಗಾರ ಜೇನುನೊಣ ತನ್ನ ಹೊಟ್ಟೆಯಡಿಯ ಗ್ರಂಥಿಗಳಿಂದ ಮೇಣವನ್ನು ಚಕ್ಕೆಚಕ್ಕೆಯಾಗಿ ಸ್ರವಿಸಿ, ಅಗಿದು, ಹುಟ್ಟು ಕಟ್ಟುತ್ತದೆ. ಆ ಹುಟ್ಟು ಮರಿಗಳ ತೊಟ್ಟಿಲೂ ಹೌದು, ಆಹಾರದ ಕಣಜವೂ ಹೌದು. ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ಮಾತು ಸ್ವಲ್ಪ ಬೇರೆಯಾಗಬಹುದು. ಕಾಡಿನ ಹೆಜ್ಜೇನನ್ನು ಹೊಗೆಯಿಟ್ಟು ಕೀಳುವಾಗ ನೊಣಗಳೆಷ್ಟು, ಮರಿಗಳೆಷ್ಟು ಸಾಯುತ್ತವೆಂದು ಪಶ್ಚಿಮಘಟ್ಟದ ಸೆರಗಿನಲ್ಲಿ ಬಾಳುವವರಿಗೆ ಯಾರೂ ಹೇಳಬೇಕಾಗಿಲ್ಲ. ಡಬ್ಬಿಯ ಮೇಣ ಯಾವ ಹುಟ್ಟಿನದೆಂದು ತಿಳಿಯುವ ಬಗೆಯೂ ಇಲ್ಲ. ಆಹಾರದ ಪೊಟ್ಟಣದ ಮೇಲಿರುವ ಹಸಿರು ಚುಕ್ಕೆ ಮೇಣದ ಡಬ್ಬಿಗೆ ಕಡ್ಡಾಯವಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಮುಖ್ಯೋಪಾಧ್ಯಾಯರು ಪಾಠದ ಟಿಪ್ಪಣಿ ಬರೆಯುವಂತೆ ಒಂದು ಹಾಳೆಯಲ್ಲಿ ಬರೆದರು. ಶುದ್ಧ ಕಾರ್ನೌಬಾ ಈಶಾನ್ಯ ಬ್ರೆಜಿಲ್ಲಿನ ಒಂದು ತಾಳೆಜಾತಿಯ ಎಲೆಯಿಂದ ಬರುವುದು. ಎಲೆಗಳನ್ನು ಕೊಯ್ದು ಬಿಸಿಲಿಗೆ ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಮರ ಸಾಯುವುದಿಲ್ಲ, ಹೊಸ ಎಲೆ ಬರುತ್ತದೆ. ಆದರೆ ಅಲ್ಲಿ ಕೆಲವೆಡೆ ಕೂಲಿಗಳನ್ನು ಗುಲಾಮಗಿರಿಗೆ ಸಮನಾದ ಸ್ಥಿತಿಯಲ್ಲಿ ದುಡಿಸಿಕೊಂಡದ್ದನ್ನು ಆ ದೇಶದ ಕಾರ್ಮಿಕ ತನಿಖಾಧಿಕಾರಿಗಳು ಪತ್ತೆಹಚ್ಚಿದ್ದಾರೆ; 2017ರಲ್ಲಿ ಜರ್ಮನಿಯ ದೂರದರ್ಶನವೂ ಈ ಸಂಗತಿಯನ್ನು ಬೆಳಕಿಗೆ ತಂದಿತು. ನೊಣವನ್ನು ಉಳಿಸಿ ಮನುಷ್ಯನನ್ನು ಮರೆಯುವುದು ಅಹಿಂಸೆಯೇ? ಬಾಳಿಕೆಯೂ ಕಡಿಮೆ. ಕರಾವಳಿಯ ಬಿಸಿಲು ಮಳೆಗೆ ಅದು ಕೆಲವು ವಾರಗಳಿಂದ ಎರಡು ಮೂರು ತಿಂಗಳು ನಿಂತರೆ ಹೆಚ್ಚು.

ಎರಡನೆಯದು ‘ಸೀಲೆಂಟ್’ ಎಂದು ಮಾರುವ ಕೃತಕ ಪಾಲಿಮರ್ ಲೇಪ. ಇದರ ಮೂಲ ಹೆಚ್ಚಾಗಿ ಖನಿಜತೈಲ, ಪೂರ್ಣ ನಿರ್ದೋಷವೆನ್ನಲಾಗದು. ಆದರೆ ಇದು ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ಮೂರನೆಯದು ಸಿಲಿಕಾದಿಂದಾದ ಸೆರಾಮಿಕ್ ಲೇಪ. ಸರಿಯಾಗಿ ಹಾಕಿದರೆ ವರ್ಷಗಳ ಕಾಲ ಬಾಳುತ್ತದೆ. ಆದರೆ ಹಾಕುವ ಮುನ್ನ ಮೈಯನ್ನು ಪಾಲಿಶ್ ಮಾಡಿ ಅಣಿಗೊಳಿಸಬೇಕು, ನುರಿತ ಕೈ ಬೇಕು, ಹಣವೂ ಹೆಚ್ಚು. ಕಲ್ಲಿನ ಪೆಟ್ಟನ್ನಾಗಲಿ ಆಳವಾದ ಗೀರನ್ನಾಗಲಿ ಅದು ತಡೆಯುವುದಿಲ್ಲ, ತೊಳೆಯುವ ಕೆಲಸವನ್ನೂ ತಪ್ಪಿಸುವುದಿಲ್ಲ. ಇನ್ನು ನಾನ್‌ಸ್ಟಿಕ್ ಬಾಣಲೆಯ ಪಿಟಿಎಫ್‌ಇ ಬೆರೆಸಿದ ಲೇಪಗಳು. ಆ ವಸ್ತು ಕರಗಲು ಸುಮಾರು 327 ಡಿಗ್ರಿ ಬೇಕು. ಬಾಣಲೆಯನ್ನು ಕಾಯಿಸಿದಂತೆ ಕಾರನ್ನು ಕಾಯಿಸಲಾಗದು. ಆದ್ದರಿಂದ ಆ ಹೆಸರಿಗೆ ಮರುಳಾಗುವ ಕಾರಣವಿಲ್ಲ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮವುಂಟು. ಬದುಕಿನ ಆರಂಭದಲ್ಲಿ ಬಂದೇ ಬರುವ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಬೇಕು. ತಿಳಿದೂ ತಿಳಿದೂ ಮಾಡುವುದನ್ನು ಬಿಡಲೇಬೇಕು. ಡಬ್ಬಿಯನ್ನು ಓದುವ ಮುನ್ನ ಸವರಿದ ಜೇನುಮೇಣ ಅಜ್ಞಾನದ್ದು. ಓದಿದ ಮೇಲೆ ಸವರುವುದು ಬರಿಯ ಹೊಳಪಿಗಾಗಿ, ಬೇರೆ ದಾರಿಯಿದ್ದೂ ಮಾಡಿದ ಆಯ್ಕೆಯಾಗುತ್ತದೆ. ಅವರು ಇಬ್ಬರು ತಯಾರಕರಿಗೆ ಪತ್ರ ಬರೆದು, ಪ್ರಾಣಿಮೂಲದ ಪದಾರ್ಥವಿದೆಯೇ ಎಂದು ಕೇಳಿದರು. ಒಬ್ಬರಿಂದ ಉತ್ತರ ಬರಲಿಲ್ಲ. ಇನ್ನೊಬ್ಬರು ಇಲ್ಲವೆಂದು ಲಿಖಿತವಾಗಿ ತಿಳಿಸಿದರು. ಅವರ ಸೀಲೆಂಟನ್ನೇ ತರಿಸಲಾಯಿತು. ವರ್ಷಕ್ಕೆ ಎರಡೇ ಬಾರಿ: ಮಳೆ ಹಿಡಿಯುವ ಮುನ್ನ ಒಮ್ಮೆ, ಬಿಟ್ಟ ಮೇಲೆ ಒಮ್ಮೆ. ತಾವು ಸದಸ್ಯರಾಗಿದ್ದ ಬಸದಿಯ ಟ್ರಸ್ಟಿಗೆ ಮಾತ್ರ ಅವರು ಕೊಟ್ಟ ಸಲಹೆ ಬೇರೆ. ಯಾತ್ರಿಕರನ್ನು ಹೊತ್ತು ವರ್ಷವಿಡೀ ಬಯಲಲ್ಲಿ ನಿಲ್ಲುವ ಹೊಸ ವ್ಯಾನಿಗೆ ಸೆರಾಮಿಕ್ ಲೇಪವೇ ಮಿತವ್ಯಯ. ಪದೇ ಪದೇ ಸವರುವ ಆರಂಭ ತಪ್ಪುತ್ತದೆ, ವ್ಯಾನಿನ ಆಯುಷ್ಯವೂ ಹೆಚ್ಚುತ್ತದೆ. ಇದ್ದ ವಸ್ತುವನ್ನು ಜತನದಿಂದ ಬಾಳಿಸಿ ಹೊಸದನ್ನು ಕೊಳ್ಳದಿರುವುದೂ ಪರಿಗ್ರಹದ ಪರಿಮಾಣವೇ ಅಲ್ಲವೇ?

ಉಳಿದದ್ದು ಅಟ್ಟದ ಅರ್ಧ ಡಬ್ಬಿ. ಎಸೆದರೆ ಸತ್ತ ನೊಣ ಬದುಕುವುದಿಲ್ಲ; ಬಳಸಿದರೆ ಮನಸ್ಸು ಒಪ್ಪುವುದಿಲ್ಲ. ಏನು ಮಾಡಲೆಂದು ಕೇಳಿದಾಗ ಪತ್ನಿ ಹೇಳಿದರು: ‘ಆಗಿಹೋದದ್ದಕ್ಕೆ ಪ್ರತಿಕ್ರಮಣ ಉಂಟು, ಮಾಡಿ. ಮುಂದಿನದಕ್ಕೆ ಪ್ರತ್ಯಾಖ್ಯಾನ ಉಂಟು, ಅದನ್ನೂ ಮಾಡಿ. ಡಬ್ಬಿ ಅಲ್ಲಿಯೇ ಇರಲಿ. ಮುಂದೆ ಏನನ್ನಾದರೂ ಕೊಳ್ಳುವಾಗ ಅಡಿಯ ಅಕ್ಷರ ಓದಲು ನೆನಪಾಗುತ್ತದೆ.’ ಸ್ವಲ್ಪ ತಡೆದು ಮತ್ತೆ ಹೇಳಿದರು: ‘ಆ ಹುಡುಗನದ್ದು ಮಾತ್ರ ಡಬ್ಬಿಯ ಹಾಗೆ ಅಟ್ಟದಲ್ಲಿಡುವ ವಿಷಯವಲ್ಲ.’

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿತ್ತು. ಬಸದಿಯಲ್ಲಿ ಬಂಧುಗಳೆಲ್ಲರ ಕ್ಷಮೆ ಕೇಳಿ ಮನೆಗೆ ಬಂದ ಮುಖ್ಯೋಪಾಧ್ಯಾಯರು ಉಡುಪನ್ನೂ ಬದಲಿಸದೆ ತೋಟಕ್ಕೆ ನಡೆದರು. ಗದರಿದ್ದು ನೆರೆಯವರಿಗೆ ಕೇಳಿಸಿತ್ತು. ಕ್ಷಮೆಯೂ ಕೇಳಿಸಲೆಂದು ಅಂಗಳಕ್ಕೇ ಅವನನ್ನು ಕರೆತಂದು, ‘ತಪ್ಪು ನನ್ನದು, ನಿನ್ನದಲ್ಲ’ ಎಂದರು. ಅವನು ಗಲಿಬಿಲಿಗೊಂಡು ನಕ್ಕ.

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಕೆಲಸಕ್ಕೆ ತೊಡಗಿದರು. ಮೊದಲು ನೆಲ ನೋಡಿ ಇರುವೆಯ ಸಾಲಿಲ್ಲದ ಕಡೆ ಕಾರನ್ನು ನಿಲ್ಲಿಸಿದರು. ಹಲಸಿನ ಮೇಣದ ಕಲೆಯನ್ನು ತೆಂಗಿನೆಣ್ಣೆಯಿಂದ ಮೆದುಮಾಡಿ ತೆಗೆದರು. ಬಾವಲಿಯ ಹಿಕ್ಕೆಯನ್ನು ಒದ್ದೆಬಟ್ಟೆಯಿಂದ ನೆನೆಸಿ ಎತ್ತಿದರು. ನೀರು ಸುರಿದು ಧೂಳು ಹರಿದ ಮೇಲೆಯೇ ಬಟ್ಟೆ ಮುಟ್ಟಿಸಿದರು. ಸಾಬೂನು ನೀರಿಗೊಂದು ಬಕೆಟ್, ಬಟ್ಟೆ ಜಾಲಿಸಲು ಮತ್ತೊಂದು. ಮೈ ಪೂರ್ತಿ ಒಣಗಿದ ಬಳಿಕ, ಬಿಸಿಲು ತಾಗದ ಜಾಗದಲ್ಲಿ, ಸೀಲೆಂಟನ್ನು ತೆಳ್ಳಗೆ ಸವರಿದರು. ಹಳೆಯ ಗೀರುಗಳನ್ನು ಅಳಿಸಲು ಸೋದರಳಿಯ ಹೇಳಿದ ಪಾಲಿಶ್ ಯಂತ್ರವನ್ನು ಮುಖ್ಯೋಪಾಧ್ಯಾಯರು ತರಿಸಲಿಲ್ಲ. ಇರುವ ಲೇಪ ಉಳಿಯಲಿ ಎಂದರು.

ಎಳೆಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಆ ಜೇಡರ ಬಲೆ ಇಂದಿಗೂ ಕಾಣುತ್ತದೆ. ನಿತ್ಯ ಒರಸುವ ನಿಯಮ ಆ ಮನೆಯಲ್ಲಿ ಈಗ ಇಲ್ಲ.