ತಳ ಓದುವ ಸುಖ

ರೂಕ್‌ವುಡ್ ಕುಂಬಾರಿಕೆ ಕಾರ್ಖಾನೆಯ ಹಳೆಯ ಹೂದಾನಿ ಕೈಗೆ ಸಿಕ್ಕರೆ ನಾನು ಮೊದಲು ಅದನ್ನು ಬೋರಲು ಹಾಕುತ್ತೇನೆ. ತಳದಲ್ಲಿ ಒಂದು ಮುದ್ರೆ ಇರುತ್ತದೆ: ಹಿಮ್ಮೊಗವಾದ ಆರ್, ಅದಕ್ಕೆ ಬೆನ್ನು ಕೊಟ್ಟು ನಿಂತ ಪಿ, ಸುತ್ತ ಪುಟ್ಟ ಜ್ವಾಲೆಗಳು. 1886ರಲ್ಲಿ ಬಂದ ಈ ಮುದ್ರೆಗೆ ಮರುವರ್ಷದಿಂದ ವರ್ಷಕ್ಕೊಂದು ಜ್ವಾಲೆ ಸೇರಿಸುತ್ತ ಹೋದರು. ಒಂಬತ್ತು ಎಣಿಸಿದರೆ 1895. 1900ಕ್ಕೆ ಹದಿನಾಲ್ಕಾದವು, ಮುಂದಿನ ವರ್ಷದಿಂದ ಕೆಳಗೆ ರೋಮನ್ ಅಂಕಿ. ಪಕ್ಕದಲ್ಲಿ ಆಕಾರದ ಸಂಖ್ಯೆ, ಅದರಾಚೆ ಚಿತ್ರ ಬರೆದವರ ಹೆಸರಿನ ಮೊದಲಕ್ಷರಗಳು. ಕಾರ್ಖಾನೆಯ ಸರಕಿನ ಮೇಲೆ ಕೆಲಸಗಾರರ ಸಹಿ! ಅಮೆರಿಕದ ಕಲಾಕುಂಬಾರಿಕೆಗೆ ನಾನು ಮನಸೋತದ್ದು ಇದಕ್ಕೇ.

ಸಿನ್ಸಿನಾಟಿಯ ಮಾರಿಯಾ ಲಾಂಗ್‌ವರ್ತ್ ನಿಕೋಲ್ಸ್ 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಜಪಾನಿನ ಮಣ್ಣಿನ ಕೆಲಸ ಕಂಡು ಬೆರಗಾದವರು. 1880ರಲ್ಲಿ, ತಂದೆ ಕೊಡಿಸಿದ ಹಳೆಯ ಶಾಲೆಯ ಕಟ್ಟಡದಲ್ಲಿ ರೂಕ್‌ವುಡ್ ಶುರು ಮಾಡಿದರು. ಅಲ್ಲಿಯ ‘ಸ್ಟ್ಯಾಂಡರ್ಡ್’ ಮೆರುಗಿನದು ಜೋನಿಬೆಲ್ಲದ ಬಣ್ಣ. ಕಡುಗಂದಿನಿಂದ ಹೊಂಬಣ್ಣಕ್ಕೆ ಎಲ್ಲಿ ದಾಟಿತೆಂದು ಬೆರಳಿಟ್ಟು ತೋರಿಸಲಾಗದು. ಈ ನಯಕ್ಕಾಗಿ ನೀರಾಗಿ ಕಲಸಿದ ಬಣ್ಣದ ಮಣ್ಣನ್ನು ಹಸಿ ಪಾತ್ರೆಯ ಮೇಲೆ ತುಂತುರಾಗಿ ಹಾಯಿಸುವ ಉಪಾಯವನ್ನು 1883ರಲ್ಲಿ ತಂದವರು ಅಲ್ಲಿಯ ಕಲಾವಿದೆ ಲಾರಾ ಫ್ರೈ. 1889ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದ ಚಿನ್ನದ ಪದಕ ರೂಕ್‌ವುಡ್‌ಗೆ ಬಂತು.

ಕೆಲವು ತಳಗಳಲ್ಲಿ ಇಂಗ್ಲಿಷ್ ಅಕ್ಷರದ ಬದಲು ಜಪಾನಿ ಲಿಪಿ ಕಾಣುತ್ತದೆ. ಅದು ಕಟಾರೊ ಶಿರಯಮದನಿಯವರದು. 1887ರಲ್ಲಿ ಬಂದ ಅವರು, ನಡುವೆ ಕೆಲವು ವರ್ಷ ತಾಯ್ನಾಡಿಗೆ ಹೋಗಿದ್ದು ಬಿಟ್ಟರೆ, 1948ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಕುಂಚ ಹಿಡಿದರು. ಆ ಲಿಪಿ ಓದಲು ನನಗೆ ಬಾರದು. ಆದರೂ ಕಂಡೊಡನೆ ಗುರುತು ಹತ್ತುತ್ತದೆ.

ರೂಕ್‌ವುಡ್‌ನಲ್ಲೇ ಪಳಗಿದ ಆರ್ಟಸ್ ವ್ಯಾನ್ ಬ್ರಿಗಲ್ ಕ್ಷಯ ತಗುಲಿ, ಒಣಹವೆ ಅರಸಿ ಕೊಲರಾಡೊ ಸ್ಪ್ರಿಂಗ್ಸ್‌ಗೆ ಹೋದರು. ಚೀನಾದ ಹಳೆಯ ಹೊಳಪಿಲ್ಲದ ಮೆರುಗಿನ ಗುಟ್ಟು ಹಿಡಿಯುವುದು ಅವರ ಹಂಬಲ. 1901ರಲ್ಲಿ ಅಲ್ಲಿ ಸ್ವಂತ ಕಾರ್ಖಾನೆ ತೆರೆದರು, 1904ರಲ್ಲಿ ತೀರಿಹೋದರು. ಕೆಲಸವನ್ನು ಪತ್ನಿ ಆ್ಯನ್ ಮುಂದುವರಿಸಿದರು. ಅವರ ಪಾತ್ರೆಗಳ ತಳದಲ್ಲಿ ಬೆಸೆದುಕೊಂಡ ಎರಡು ‘ಎ’ಗಳಿವೆ, ಆರ್ಟಸ್ ಮತ್ತು ಆ್ಯನ್. ಪ್ರತಿ ಸಲ ಅದನ್ನು ಕಂಡಾಗಲೂ ನನ್ನ ಗಂಟಲು ಕಟ್ಟುತ್ತದೆ.

ಕೊಳ್ಳುವಾಗ ಹೂದಾನಿಯನ್ನು ಬೆಳಕಿಗೆ ಒಯ್ಯಬೇಕು, ಬಾಯಂಚಿನ ಸುತ್ತ ಉಗುರು ಆಡಿಸಬೇಕು. ಕಣ್ಣಿಗೆ ಬೀಳದ ಮುಕ್ಕು ಉಗುರಿಗೆ ತಗಲುತ್ತದೆ. ಮೆರುಗಿನಲ್ಲಿ ಕೂದಲೆಳೆಯ ಬಿರುಕುಗಳ ಬಲೆ ಕಂಡರೆ ಹಿಂಜರಿಯಬೇಕಿಲ್ಲ. ಮಣ್ಣು ಮತ್ತು ಮೆರುಗು ಆರುವಾಗ ಸಮನಾಗಿ ಕುಗ್ಗದಿದ್ದರೆ ಹಾಗಾಗುತ್ತದೆ, ಹಳೆಯ ರೂಕ್‌ವುಡ್‌ನಲ್ಲಿ ಅದು ಸಾಮಾನ್ಯ. ತಳದಲ್ಲಿ ಉಜ್ಜಿ ಕೊರೆದ ಎಕ್ಸ್ ಗುರುತಿದ್ದರೆ ಕಾರ್ಖಾನೆಯೇ ಅದನ್ನು ಎರಡನೇ ದರ್ಜೆ ಎಂದು ಬೇರ್ಪಡಿಸಿದೆ ಎಂದರ್ಥ. ಎಷ್ಟೋ ಸಲ ದೋಷ ಎಲ್ಲಿದೆಯೆಂದು ಹುಡುಕಿದರೂ ಸಿಗುವುದಿಲ್ಲ, ಬೆಲೆಯೇನೋ ಸಾಕಷ್ಟು ಇಳಿದಿರುತ್ತದೆ. ಹೊಸದಾಗಿ ಸಂಗ್ರಹಕ್ಕೆ ಇಳಿಯುವವರಿಗೆ ನಾನು ತೋರಿಸುವುದು ಇಂಥ ಎಕ್ಸ್ ಗುರುತಿನ ಪಾತ್ರೆಗಳನ್ನೇ.