ಕೋಲಿನ ಪರೀಕ್ಷೆ, ಕೈಯ ಪರೀಕ್ಷೆ

ಯಾವ ವಿದ್ಯೆಯೇ ಆಗಲಿ, ಅದನ್ನು ಕಲಿಯತೊಡಗಿದವನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು ನಿತ್ಯಾಭ್ಯಾಸದ ದಾರಿ, ಇನ್ನೊಂದು ಉತ್ತಮ ಸಲಕರಣೆಯ ದಾರಿ. ಮೊದಲನೆಯದು ನಿಧಾನವಾದದ್ದು, ಆಗಾಗ ಬೇಸರ ತರಿಸುವಂಥದ್ದು. ಎರಡನೆಯದು ಕೈಯಲ್ಲಿ ಹಣವಿದ್ದರೆ ಒಂದೇ ದಿನದಲ್ಲಿ ದೊರೆಯುವಂಥದ್ದು. ಹಿರಿಯರಾದವರು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಹಳಿಯುವುದು ವಾಡಿಕೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಎಲ್ಲರ ನಾಲಗೆಯ ಮೇಲೂ ಇದೆ. ಆದರೆ ಕೆಲವೊಮ್ಮೆ ನೆಲವೂ ನಿಜವಾಗಿ ಡೊಂಕಾಗಿರುವುದುಂಟು! ಅಂಥ ಸಂದರ್ಭದಲ್ಲಿ ದೋಷವು ಕಾಲಿನದೋ ನೆಲದ್ದೋ ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಈ ಪ್ರಶ್ನೆಗೆ ಒಂದು ಸಮಾಧಾನವು ನಮಗೆ ದೊರೆತದ್ದು ನಾವು ಎಂದೂ ನಿರೀಕ್ಷಿಸದಿದ್ದ ಸ್ಥಳದಲ್ಲಿ, ಗಾಲ್ಫ್ ಆಟದ ಮೈದಾನದಲ್ಲಿ.

2023ರ ಮಳೆಗಾಲದಲ್ಲಿ ಒಂದು ಗ್ರಂಥಸಂಪಾದನೆಯ ಕಾರ್ಯನಿಮಿತ್ತ ನಾವು ಬೆಂಗಳೂರಿನಲ್ಲಿ ನಮ್ಮ ತಂಗಿಯ ಮನೆಯಲ್ಲಿ ಮೂರು ತಿಂಗಳು ತಂಗಿದ್ದೆವು. ತಂಗಿಯ ಯಜಮಾನರು ನಿವೃತ್ತ ಇಂಜಿನಿಯರರು. ಆಗ ಅವರಿಗೆ ಅರವತ್ತನಾಲ್ಕು ವರ್ಷ. ಸೇವೆಯಲ್ಲಿದ್ದಾಗಲೇ ಹಿಡಿದ ಗಾಲ್ಫ್ ಆಟವನ್ನು ನಿವೃತ್ತಿಯ ತರುವಾಯ ದಿನಚರಿಯನ್ನಾಗಿಯೇ ಮಾಡಿಕೊಂಡಿದ್ದರು. ನಾವು ಹೋದ ಎರಡನೆಯ ದಿನವೇ ತಂಗಿ ನಮ್ಮನ್ನು ಒಳಕ್ಕೆ ಕರೆದು ಕಪಾಟಿನ ಬಾಗಿಲು ತೆರೆದು ತೋರಿಸಿದಳು. ಅಲ್ಲಿ ಉದ್ದುದ್ದನೆಯ ಕೋಲುಗಳು ಕಟ್ಟಿಗೆಯ ಹೊರೆಯಂತೆ ಒರಗಿ ನಿಂತಿದ್ದವು. “ಅಣ್ಣಾ, ನೀವಾದರೂ ಇವರಿಗೊಂದು ಮಾತು ಹೇಳಿ. ವರ್ಷಕ್ಕೊಂದು ಹೊಸದು ಬರುತ್ತದೆ. ಮೊನ್ನೆ ತಂದದ್ದಕ್ಕೆ ನಲವತ್ತೈದು ಸಾವಿರ ಕೊಟ್ಟಿದ್ದಾರೆ. ತಂದ ವಾರ ನಗುತ್ತಾರೆ, ಆಮೇಲೆ ಮತ್ತೆ ಮುಖ ಬಾಡಿಸಿಕೊಂಡು ಕೂರುತ್ತಾರೆ. ಹಣ ಹೋದದ್ದಕ್ಕಿಂತ ಅದನ್ನು ನೋಡುವುದೇ ನನಗೆ ಕಷ್ಟ” ಎಂದಳು. ಆಟದ ಗಂಧವರಿಯದ ನಾವು ಏನೆಂದು ಹೇಳುವುದು? ಮರುದಿನ ಬೆಳಗಿನಿಂದ ಯಜಮಾನರೊಡನೆ ಮೈದಾನಕ್ಕೆ ಹೋಗಿ ಮರದ ಕೆಳಗಿನ ಬೆಂಚಿನಲ್ಲಿ ಕುಳಿತು ನೋಡತೊಡಗಿದೆವು.

ಇದು ಸಿರಿವಂತರ ಆಟ, ಇದರಿಂದ ನಮಗೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಬೆಂಗಳೂರಿನ ಹಳೆಯ ಗಾಲ್ಫ್ ಕ್ಲಬ್ಬು ಆಂಗ್ಲರ ಕಾಲದಲ್ಲಿ, 1876ರಲ್ಲಿ ಸ್ಥಾಪಿತವಾದದ್ದು. ಆಟವು ಇಂದಿಗೂ ಖರ್ಚಿನದೇ. ಆದರೆ ಇದರ ಹುಟ್ಟೂರಾದ ಸ್ಕಾಟ್ಲೆಂಡಿನಲ್ಲಿ ಜನಸಾಮಾನ್ಯರಿಗೂ ಇದರ ಹುಚ್ಚು ಹಿಡಿದಿತ್ತು. ಪ್ರಜೆಗಳು ಬಿಲ್ವಿದ್ಯೆಯ ಅಭ್ಯಾಸವನ್ನು ಬಿಟ್ಟು ಇದರಲ್ಲಿಯೇ ಮುಳುಗುತ್ತಿದ್ದಾರೆಂದು 1457ರಲ್ಲಿ ಅಲ್ಲಿಯ ಸಂಸತ್ತು ಇದನ್ನು ನಿಷೇಧಿಸಿತ್ತು. ಒಂದು ಅಭ್ಯಾಸವನ್ನು ಉಳಿಸಲು ಇನ್ನೊಂದನ್ನು ನಿಷೇಧಿಸಬೇಕಾಯಿತೆಂದರೆ ಈ ಆಟದ ಆಕರ್ಷಣೆ ಎಂಥದೆಂಬುದನ್ನು ಊಹಿಸಬಹುದು.

ಆಟದ ಸ್ವರೂಪವನ್ನು ನಾವು ತಿಳಿದಷ್ಟು ಹೇಳುತ್ತೇವೆ. ಚೆಂಡು ನಿಂಬೆಹಣ್ಣಿನಷ್ಟು ಚಿಕ್ಕದು. ಅದರ ವ್ಯಾಸ 42.67 ಮಿಲಿಮೀಟರಿಗೆ ಕಡಿಮೆಯಿರಬಾರದು, ತೂಕ 45.93 ಗ್ರಾಮನ್ನು ಮೀರಬಾರದು. ಅದನ್ನು ನೂರಾರು ಗಜ ದೂರದಲ್ಲಿರುವ 108 ಮಿಲಿಮೀಟರ್ ಅಗಲದ ಕುಳಿಯೊಳಕ್ಕೆ ಸಾಧ್ಯವಾದಷ್ಟು ಕಡಿಮೆ ಹೊಡೆತಗಳಲ್ಲಿ ಸೇರಿಸಬೇಕು. ಇಂಥ ಕುಳಿಗಳು ಹದಿನೆಂಟು. ಆಟಗಾರರು ಕ್ಲಬ್ ಎಂದು ಕರೆಯುವ ಕೋಲುಗಳನ್ನು ಹದಿನಾಲ್ಕಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಅತಿ ದೂರದ ಹೊಡೆತಕ್ಕೆ ಡ್ರೈವರ್, ನಡುವಣ ದೂರಗಳಿಗೆ ಐರನ್, ಚೆಂಡನ್ನು ಮೇಲಕ್ಕೆತ್ತಿ ಮೆಲ್ಲನೆ ಇಳಿಸಲು ವೆಡ್ಜ್, ಕೊನೆಗೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಉರುಳಿಸಲು ಪಟರ್. ಹೀಗೆ ಒಂದೊಂದು ಕೋಲಿಗೆ ಒಂದೊಂದು ಕೆಲಸ.

ಮೊದಲ ವಾರದಲ್ಲಿ ನಾವು ಕಂಡದ್ದು ಇಷ್ಟು. ಯಜಮಾನರು ಬುಟ್ಟಿ ತುಂಬ ಚೆಂಡುಗಳನ್ನು ತರಿಸಿಕೊಂಡು, ಹೊಸ ಡ್ರೈವರನ್ನು ಹಿಡಿದು, ನೂರು ಚೆಂಡುಗಳನ್ನು ಒಂದರ ಹಿಂದೊಂದರಂತೆ ಬಲವಾಗಿ ಬೀಸಿ ಹೊಡೆಯುತ್ತಿದ್ದರು. ಹತ್ತರಲ್ಲಿ ಒಂದು ಚೆಂಡು ಮನೋಹರವಾಗಿ ದೂರ ಹಾರುತ್ತಿತ್ತು. ಆಗ ನಮ್ಮತ್ತ ತಿರುಗಿ, “ನೋಡಿದಿರಾ ಭಾವನವರೇ, ಇದು ಈ ಕೋಲಿನ ಗುಣ” ಎನ್ನುತ್ತಿದ್ದರು. ಉಳಿದ ಒಂಬತ್ತು ಅತ್ತಿತ್ತ ಚದುರಿದಾಗ, “ನನ್ನ ಕೈ ಇಂದು ಸರಿಯಿಲ್ಲ” ಎನ್ನುತ್ತಿದ್ದರು. ಲೇಸಾದುದೆಲ್ಲ ಕೋಲಿಗೆ, ಕೇಡೆಲ್ಲ ಕೈಗೆ! ಅದೇ ತಿಂಗಳ ಕೊನೆಗೆ ಕೋಲು ಹಳತಾದಾಗ ಇದು ತಿರುವುಮುರುವಾಗುತ್ತಿತ್ತೆಂದು ತಂಗಿ ನಗುತ್ತ ಹೇಳಿದಳು.

ಒಂದು ಸಂಜೆ ನಾವು ಅವರನ್ನು, “ನೀವು ಇಂಜಿನಿಯರರು. ಸೇತುವೆಯ ಕಬ್ಬಿಣವನ್ನು ಪರೀಕ್ಷಿಸುವಾಗ ಹತ್ತು ತುಂಡುಗಳಲ್ಲಿ ಗಟ್ಟಿಯಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದಿರೇನು?” ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಒಳಗಿನಿಂದ ಒಂದು ನೋಟುಪುಸ್ತಕವನ್ನು ತಂದು ಗೆರೆ ಎಳೆಯತೊಡಗಿದರು. ತಂಗಿಗೆ ಒಂದು ಮಾತನ್ನೂ ಕೊಟ್ಟರು: ಈ ಪುಸ್ತಕ ತುಂಬುವ ತನಕ ಹೊಸ ಕೋಲು ಮನೆಗೆ ಬರತಕ್ಕದ್ದಲ್ಲ.

ಮೊದಲು ಅವರು ಬದಲಿಸಿದ್ದು ಅಭ್ಯಾಸದ ಕ್ರಮವನ್ನು. ಲೆಕ್ಕ ಸರಳವಾದದ್ದು. ಸಾಮಾನ್ಯವಾಗಿ ಒಂದು ಮೈದಾನಕ್ಕೆ ನಿಗದಿಯಾದ ಹೊಡೆತಗಳು ಎಪ್ಪತ್ತೆರಡು. ಒಂದೊಂದು ಕುಳಿಗೂ ಪಟರಿನ ಎರಡೆರಡು ಹೊಡೆತಗಳೆಂದು ಹಿಡಿದು ಈ ಲೆಕ್ಕ ಮಾಡಿರುತ್ತಾರೆ. ಅಂದರೆ ಅರ್ಧ, ಮೂವತ್ತಾರು ಹೊಡೆತಗಳು ಪಟರಿನವು. ಡ್ರೈವರಿಗೆ ಕೆಲಸವಿರುವುದು ಹೆಚ್ಚೆಂದರೆ ಹದಿನಾಲ್ಕು ಬಾರಿ. ಹೀಗಿರುವಾಗ ನೂರಕ್ಕೆ ನೂರು ಚೆಂಡುಗಳನ್ನೂ ಡ್ರೈವರಿನಿಂದಲೇ ಹೊಡೆಯುವುದು ಯಾವ ನ್ಯಾಯ? ಅಂದಿನಿಂದ ಬೆಳಗಿನ ಮೊದಲ ಅರ್ಧ ಗಂಟೆ ಪಟರಿಗೆ ಮೀಸಲಾಯಿತು. ಮೂರು ಅಡಿ ದೂರದಿಂದ ಸತತವಾಗಿ ಇಪ್ಪತ್ತು ಚೆಂಡುಗಳು ಕುಳಿ ಸೇರಬೇಕು. ಹತ್ತೊಂಬತ್ತನೆಯದು ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ಆಮೇಲೆ ವೆಡ್ಜಿನ ಸಣ್ಣ ಹೊಡೆತಗಳು. ಕಟ್ಟಕಡೆಗೆ ಡ್ರೈವರಿನ ಹದಿನಾಲ್ಕೇ ಚೆಂಡುಗಳು, ಅದೂ ಒಂದೊಂದಕ್ಕೂ ಗುರಿಯನ್ನು ಮೊದಲೇ ಬಾಯಿಬಿಟ್ಟು ಹೇಳಿ.

ದೂರಕ್ಕಿಂತ ಪಟರು ಹೆಚ್ಚೆನ್ನುವುದಕ್ಕೆ ಸಾಕ್ಷಿಯು ಅದೇ ಊರಿನಲ್ಲಿತ್ತು. ಬೆಂಗಳೂರಿನ ಹೆಣ್ಣುಮಗಳು ಅದಿತಿ ಅಶೋಕ್, ದೂರದ ಹೊಡೆತದಲ್ಲಿ ಅನೇಕರಿಗಿಂತ ಹಿಂದಿದ್ದರೂ, ಪಟರಿನ ನೈಪುಣ್ಯದಿಂದ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದಳು. ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು. ಅಲ್ಲಿ ಅವಳ ಕೋಲುಗಳ ಚೀಲವನ್ನು ಹೊತ್ತು ಜೊತೆಯಲ್ಲಿ ನಡೆದವಳು ಹೆತ್ತ ತಾಯಿ. ಈ ಸಂಗತಿಯನ್ನು ಯಜಮಾನರು ಹೇಳುವಾಗ ನಮ್ಮ ತಂಗಿಯ ಕಣ್ಣುಗಳೂ ಅರಳಿದವು.

ಒಂದು ತಿಂಗಳು ಕಳೆದ ಮೇಲೆ ನೋಟುಪುಸ್ತಕವು ಒಂದು ಸ್ವಾರಸ್ಯವಾದ ಸಂಗತಿಯನ್ನು ಹೊರಗೆಡವಿತು. ಅಭ್ಯಾಸದ ಮೈದಾನದಲ್ಲಿ ಚೆಂಡಿನ ವೇಗ, ಏರುವ ಕೋನ, ಹಾರಿದ ದೂರ ಇವನ್ನು ಅಳೆಯುವ ಯಂತ್ರವೊಂದಿದೆ. ಮೊದಲ ದಿನಗಳಲ್ಲಿ ಒಂದೇ ಕೋಲಿನಿಂದ ಒಂದೇ ದಿನ ಹೊಡೆದ ಚೆಂಡುಗಳ ನಡುವೆ ನಲವತ್ತು ಗಜಗಳ ಅಂತರವಿತ್ತು. ಒಂದು ಕೋಲಿಗೂ ಇನ್ನೊಂದಕ್ಕೂ ಇರಬಹುದಾದ ವ್ಯತ್ಯಾಸವಾದರೋ ಎಂಟು ಹತ್ತು ಗಜಗಳದು. ತಕ್ಕಡಿಯೇ ತೂಗಾಡುತ್ತಿರುವಾಗ ಬಂಗಾರದ ತೂಕವು ತಿಳಿಯುವುದೆಂತು? ಕೈ ನೆಲೆಗೊಳ್ಳದವನು ಹತ್ತು ಕೋಲುಗಳನ್ನು ಕೊಂಡರೂ ಅವುಗಳಲ್ಲಿ ಯಾವುದು ಒಳ್ಳೆಯದೆಂದು ಅರಿಯಲಾರ. ಅಭ್ಯಾಸವು ಸಲಕರಣೆಗೆ ವಿರೋಧಿಯಲ್ಲ. ಸಲಕರಣೆಯ ಬೆಲೆಯನ್ನು ಅರಿಯುವ ಕಣ್ಣು ಅಭ್ಯಾಸದಿಂದಲೇ ತೆರೆಯತಕ್ಕದ್ದು. ಇದೇ ನಮಗೆ ದೊರೆತ ಸಮಾಧಾನ.

ಎರಡನೆಯ ತಿಂಗಳಲ್ಲಿ ಕೈ ಒಂದು ಹದಕ್ಕೆ ಬಂದ ತರುವಾಯ ಪರೀಕ್ಷೆಯು ಮೊದಲಾಯಿತು. ಹಳೆಯ ಡ್ರೈವರ್ ಒಂದು, ನಲವತ್ತೈದು ಸಾವಿರದ ಹೊಸದು ಒಂದು, ಹಳೆಯದರ ತಲೆಗೇ ಹಗುರವಾದ ಬೇರೆ ಶಾಫ್ಟನ್ನು ಜೋಡಿಸಿದ್ದು ಇನ್ನೊಂದು. ಈ ಮೂರನೆಯದು ಅಂಗಡಿಯವರು ಪರೀಕ್ಷೆಗೆಂದು ಎರವಲು ಕೊಟ್ಟದ್ದು. ಶಾಫ್ಟ್ ಎಂದರೆ ಹಿಡಿಗೂ ತಲೆಗೂ ನಡುವಣ ದಂಡ. ಬೀಸಿದಾಗ ಅದು ಬಳುಕುತ್ತದೆ. ಬೀಸುವ ವೇಗ ಹೆಚ್ಚಿರುವವರಿಗೆ ಬಿರುಸಾದ ದಂಡ, ಕಡಿಮೆಯಿರುವವರಿಗೆ ಮೆದುವಾದ ದಂಡ ಒಪ್ಪುತ್ತದೆ. ಒಂದೇ ಬಗೆಯ ಚೆಂಡುಗಳು, ಪ್ರತಿ ಕೋಲಿಗೆ ದಿನಕ್ಕೆ ಹತ್ತು, ದಣಿವಿನ ಭಾರ ಒಂದರ ಮೇಲೆಯೇ ಬೀಳದಂತೆ ಕೋಲುಗಳ ಸರದಿ ಬದಲಿಸುವುದು, ಯಾವ ಹೊಡೆತವನ್ನೂ ಲೆಕ್ಕದಿಂದ ಬಿಡದಿರುವುದು. ಹೀಗೆ ಇಪ್ಪತ್ತು ದಿನಗಳು. ಬೆಂಚಿನ ಮೇಲೆ ಕುಳಿತು ಅಂಕಿಗಳನ್ನು ಬರೆಯುವ ಕೆಲಸ ನಮ್ಮದಾಯಿತು.

ಲೆಕ್ಕವನ್ನು ಒಟ್ಟುಗೂಡಿಸಿದಾಗ ಹೊಸ ಕೋಲು ಹತ್ತರಲ್ಲಿ ಎರಡು ಮೂರು ಚೆಂಡುಗಳನ್ನು ಎಲ್ಲಕ್ಕಿಂತ ದೂರ ಒಯ್ದಿತ್ತು. ಆದರೆ ಸರಾಸರಿಯಲ್ಲಿ ಹಳೆಯದಕ್ಕಿಂತಲೂ ಹಿಂದೆ. ಮೆದು ದಂಡದ ಕೋಲು ಸರಾಸರಿ ಎಂಟು ಗಜ ಮುಂದಿತ್ತು. ಹತ್ತರಲ್ಲಿ ಏಳು ಚೆಂಡುಗಳು ದಾರಿ ಬಿಟ್ಟಿರಲಿಲ್ಲ. ನಿರ್ಣಯವು ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಸ್ಪಷ್ಟ. ಆದರೂ ಯಜಮಾನರ ಮುಖ ಕಂದಿತು. ಕಾರಣವನ್ನು ಕೇಳಿದಾಗ ಆ ದಂಡದ ಮೇಲಿದ್ದ ಒಂದು ಅಕ್ಷರವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಬಿರುಸಾದದ್ದಕ್ಕೆ ‘ಎಸ್’, ಸಾಧಾರಣಕ್ಕೆ ‘ಆರ್’, ವಯಸ್ಸಾದವರದಕ್ಕೆ ‘ಎ’ ಎಂದು ಗುರುತು ಹಾಕುವ ಪದ್ಧತಿಯಿದೆ. “ಭಾವನವರೇ, ಮೂವತ್ತು ವರ್ಷ ಎಸ್ ಹಿಡಿದ ಕೈ ಇದು. ಈ ಅಕ್ಷರವನ್ನು ಒಪ್ಪಿಕೊಂಡರೆ ಮುದುಕನಾದೆನೆಂದು ಸಹಿ ಹಾಕಿಕೊಟ್ಟಂತೆ” ಎಂದರು.

ತಂಗಿಯ ಕಪಾಟು ಏಕೆ ತುಂಬಿತೆಂಬುದು ಆ ಮಾತಿನಿಂದ ನಮಗೆ ತಿಳಿಯಿತು. ಅವರು ಐದಾರು ವರ್ಷಗಳಿಂದ ಅಂಗಡಿಯಲ್ಲಿ ಹುಡುಕುತ್ತಿದ್ದುದು ಕೋಲನ್ನಲ್ಲ, ಐವತ್ತರ ಹರೆಯದ ತಮ್ಮ ತೋಳನ್ನು. ಅದು ಯಾವ ಅಂಗಡಿಯಲ್ಲಿ ದೊರೆತೀತು? “ಸಹಿಯನ್ನು ದೇಹವು ಎಂದೋ ಹಾಕಿಬಿಟ್ಟಿದೆ. ನೋಟುಪುಸ್ತಕವು ಅದನ್ನು ಓದಿ ಹೇಳಿತು, ಅಷ್ಟೇ. ನಾವಾದರೂ ಕನ್ನಡಕವಿಲ್ಲದೆ ಅಕ್ಷರ ಕಾಣೆವು. ಕನ್ನಡಕ ಹಾಕಿಕೊಂಡವನು ಓದುತ್ತಾನೆ, ನಾಚಿದವನು ಓದನ್ನೇ ಬಿಡುತ್ತಾನೆ” ಎಂದೆವು. ಅವರು ಉತ್ತರ ಕೊಡಲಿಲ್ಲ. ಎರಡು ದಿನ ಮೈದಾನಕ್ಕೂ ಹೋಗಲಿಲ್ಲ. ಮೂರನೆಯ ಬೆಳಗ್ಗೆ ಆ ದಂಡವನ್ನೇ ಖಾಯಂ ಆಗಿ ಜೋಡಿಸಿಕೊಡಲು ಅಂಗಡಿಗೆ ಹೇಳಿಬಂದರು.

ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳುವುದು ಈ ಆಟದ ವಿಶೇಷ. ಹವ್ಯಾಸಿಗಳ ಪಂದ್ಯಗಳಲ್ಲಿ ಪ್ರತಿ ಕುಳಿಗೂ ತೀರ್ಪುಗಾರನಿರುವುದಿಲ್ಲ. ಇದಕ್ಕೆ ಬಾಬಿ ಜೋನ್ಸ್ ಎಂಬ ಅಮೆರಿಕದ ಮಹಾನ್ ಆಟಗಾರನನ್ನು ಉದಾಹರಿಸುತ್ತಾರೆ. ಅವರು ವೃತ್ತಿಯಿಂದ ವಕೀಲರು, ಹಣಕ್ಕಾಗಿ ಪಂದ್ಯವಾಡದ ಹವ್ಯಾಸಿಗಳು. 1925ರ ಅಮೆರಿಕದ ಮುಕ್ತ ಪಂದ್ಯಾವಳಿಯಲ್ಲಿ, ಹೊಡೆಯಲು ಕೋಲನ್ನು ಸಿದ್ಧಪಡಿಸುವಾಗ ಹುಲ್ಲಿನಲ್ಲಿದ್ದ ಚೆಂಡು ತುಸು ಅಲುಗಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಅವರು ತಾವಾಗಿಯೇ ಹೇಳಿ ಒಂದು ಹೊಡೆತದ ದಂಡವನ್ನು ತಮ್ಮ ಮೇಲೆ ಹಾಕಿಕೊಂಡರು. ಪಂದ್ಯವು ಸಮವಾಗಿ, ಮರುದಿನದ ನಿರ್ಣಾಯಕ ಆಟದಲ್ಲಿ ಒಂದು ಹೊಡೆತದಿಂದ ಸೋತರು. ಹೊಗಳಲು ಬಂದವರಿಗೆ, ಇದರಲ್ಲಿ ಹೊಗಳತಕ್ಕದ್ದೇನೂ ಇಲ್ಲವೆಂಬ ಭಾವದಿಂದ ಉತ್ತರ ಕೊಟ್ಟರೆಂದು ಪ್ರಸಿದ್ಧಿಯಿದೆ. 1930ರಲ್ಲಿ ಒಂದೇ ವರ್ಷ ನಾಲ್ಕು ಮಹಾಪಂದ್ಯಾವಳಿಗಳನ್ನು ಗೆದ್ದು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ಸ್ಪರ್ಧೆಯಿಂದ ನಿವೃತ್ತರಾದರು. ಉಕ್ಕಿನ ದಂಡಗಳಿಗೆ ಆ ಹೊತ್ತಿಗಾಗಲೇ ಅನುಮತಿ ದೊರೆತಿದ್ದರೂ ಆ ವರ್ಷ ಅವರು ಗೆದ್ದದ್ದು ತಮ್ಮ ಕೈಗೆ ಒಗ್ಗಿದ್ದ ಹಿಕರಿ ಮರದ ದಂಡಗಳಿಂದ. ಮುಂದೆ ಉಕ್ಕಿನ ದಂಡದ ಕೋಲುಗಳ ವಿನ್ಯಾಸಕ್ಕೂ ತಾವೇ ಕೈಜೋಡಿಸಿದರು. ಹಳೆಯದರ ಮೋಹವೂ ಇಲ್ಲ, ಹೊಸದರ ದ್ವೇಷವೂ ಇಲ್ಲ; ಕೈಗೆ ಹೊಂದುವುದು ಯಾವುದೆಂಬ ವಿವೇಕ ಮಾತ್ರ.

ಹವ್ಯಾಸಿಯ ಯೋಗ್ಯತೆಯನ್ನು ಅಳೆಯುವ ಹ್ಯಾಂಡಿಕ್ಯಾಪ್ ಎಂಬ ಅಂಕವನ್ನು 2020ರಿಂದ ಜಾರಿಯಲ್ಲಿರುವ ಕ್ರಮದಂತೆ, ಕೊನೆಯ ಇಪ್ಪತ್ತು ಆಟಗಳಲ್ಲಿ ಉತ್ತಮವಾದ ಎಂಟರ ಸರಾಸರಿಯಿಂದ ಕಟ್ಟುತ್ತಾರೆ. ಅಂಕ ಕಡಿಮೆಯಾದಷ್ಟೂ ಆಟಗಾರ ಮೇಲು. ನಾವು ಊರಿಗೆ ಹೊರಡುವ ಹೊತ್ತಿಗೆ ಯಜಮಾನರದು ಹತ್ತೊಂಬತ್ತರಿಂದ ಹದಿನೇಳಕ್ಕೆ ಇಳಿದಿತ್ತು. ಮಹತ್ಸಾಧನೆಯೇನೂ ಅಲ್ಲ. ಅದಕ್ಕಿಂತ ಹೆಚ್ಚಿನದು ಮನೆಯೊಳಗೆ ನಡೆಯಿತು. ಕಪಾಟಿನಲ್ಲಿದ್ದ ಆರು ಕೋಲುಗಳನ್ನು ಅವರು ಮಾರಿದರು. ಕೊಂಡ ಬೆಲೆಯ ಅರ್ಧವೂ ಬರಲಿಲ್ಲ. ನಷ್ಟದ ಮೊತ್ತವನ್ನೂ ಅದೇ ನೋಟುಪುಸ್ತಕದಲ್ಲಿ, ಹೊಡೆತಗಳ ಲೆಕ್ಕದ ಕೆಳಗೆ, ಸ್ಪಷ್ಟವಾಗಿ ಬರೆದು ತಂಗಿಯ ಕೈಗೆ ಕೊಟ್ಟರು. ಅವಳು ಓದಿ, ಏನೂ ಅನ್ನದೆ ಪುಸ್ತಕವನ್ನು ಮಡಿಸಿ ಕಪಾಟಿನ ತೆರವಾದ ಜಾಗದಲ್ಲಿ ಇಟ್ಟಳು.

ನಮ್ಮ ಮನೆಗಳಲ್ಲಿ ಮಗನು ಹೊಸ ಬ್ಯಾಟು ಬೇಕೆನ್ನುತ್ತಾನೆ, ಮಗಳು ಹೊಸ ವೀಣೆ ಬೇಕೆನ್ನುತ್ತಾಳೆ, ಹಿರಿಯರಾದ ನಾವು ಮೊಣಕಾಲಿಗೆ ಹೊಸ ಎಣ್ಣೆ ಬೇಕೆನ್ನುತ್ತೇವೆ. ಬೇಡವೆಂದು ಗದರುವುದೂ ಸಲ್ಲದು, ಕೇಳಿದೊಡನೆ ತಂದುಕೊಡುವುದೂ ಸಲ್ಲದು. ಇಪ್ಪತ್ತು ದಿನಗಳ ಲೆಕ್ಕವನ್ನು, ಕೆಟ್ಟ ಹೊಡೆತವನ್ನೂ ಬಿಡದೆ, ಬರೆದು ತರುವಂತೆ ಹೇಳಿರಿ. ಬರೆಯುತ್ತ ಬರೆಯುತ್ತ ಕೆಲವರಿಗೆ ಹಳೆಯದೇ ಸಾಕೆಂದು ತೋರುವುದು. ಕೆಲವರಿಗೆ ಹೊಸದು ನಿಜವಾಗಿ ಬೇಕೆಂಬುದು ಸಿದ್ಧವಾಗುವುದು. ಎರಡನೆಯವರಿಗೆ ಕೊಡಿಸಲು ಹಿಂಜರಿಯಬೇಡಿರಿ.