ಮುಪ್ಪಿನ ಬೆಕ್ಕು ಕಲಿಸಿದ ಪಾಠ

ಜೀವದಯೆಯ ಮಾತು ಬಂದಾಗ ಶ್ರಾವಕರ ಮನಸ್ಸಿಗೆ ಮೊದಲು ಹೊಳೆಯುವುದು ಬಿಡುಗಡೆಯ ಚಿತ್ರ. ಕಟುಕನ ಕೈಯಿಂದ ತಪ್ಪಿಸಿದ ಆಡು, ಪಂಜರದಿಂದ ಹಾರಿಬಿಟ್ಟ ಗಿಳಿ, ಬಾವಿಯಿಂದ ಮೇಲೆತ್ತಿದ ಕರು. ಇವು ಒಂದು ಗಳಿಗೆಯ ಸತ್ಕಾರ್ಯಗಳು. ಮಾಡಿದವರಿಗೆ ಸಂತೋಷವೂ ಕಂಡವರಿಂದ ಪ್ರಶಂಸೆಯೂ ದೊರೆಯುತ್ತವೆ. ಆದರೆ ಹಾಗೆ ಉಳಿಸಿಕೊಂಡ ಜೀವಕ್ಕೆ ಮುಪ್ಪು ಬಂದು, ವಾಸಿಯಾಗದ ರೋಗ ಹಿಡಿದು, ಅದು ವರ್ಷಗಟ್ಟಲೆ ಮನೆಯ ಮೂಲೆಯಲ್ಲಿ ಮಲಗಿದಾಗ ಆ ದಯೆಯ ಗತಿಯೇನು? ಮೂಡುಬಿದಿರೆಯ ಒಂದು ಮನೆಯಲ್ಲಿ ಎರಡೂವರೆ ವರ್ಷ ನಡೆದ ಸಂಗತಿಯೊಂದು ಈ ಪ್ರಶ್ನೆಯನ್ನು ಯೋಚಿಸಲು ನೆರವಾಗುವಂತಿದೆ.

ಆ ಮನೆಯಲ್ಲಿದ್ದವರು ಒಬ್ಬ ನಿವೃತ್ತ ಅಧ್ಯಾಪಕರು ಮತ್ತು ಅವರ ಪತ್ನಿ. 2003ರ ಮಳೆಗಾಲದಲ್ಲಿ ಹಟ್ಟಿಯ ಸೋಗೆಯ ರಾಶಿಯಲ್ಲಿ ತಾಯಿಯಿಲ್ಲದ ಒಂದು ಬೆಕ್ಕಿನ ಮರಿ ಕಾಣಿಸಿತು. ಅಣುವ್ರತಗಳನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದ ಅಧ್ಯಾಪಕರಿಗೆ ಅದು ಮನೆ ಸೇರುವುದು ಇಷ್ಟವಿರಲಿಲ್ಲ. ಬೇಟೆಯಾಡಿ ಬದುಕುವ ಪ್ರಾಣಿಯನ್ನು ಶ್ರಾವಕನು ಸಾಕಬಾರದೆಂದು ಅವರು ಹಿರಿಯರಿಂದ ಕೇಳಿದ್ದರು. ಹಾಗೆಂದು ಸುರಿಯುವ ಮಳೆಗೆ ಅದನ್ನು ಅಟ್ಟಲೂ ಮನಸ್ಸಾಗಲಿಲ್ಲ. ಮಳೆ ನಿಲ್ಲುವವರೆಗೆ ಇರಲಿ ಎಂದು ಅಮ್ಮ ಹಾಲು ಇಟ್ಟರು. ಮಳೆ ನಿಂತಿತು, ಬೆಕ್ಕು ಉಳಿಯಿತು. ತುಳುವಿನಲ್ಲಿ ಬೆಕ್ಕಿಗಿರುವ ಪುಚ್ಚೆ ಎಂಬ ಮಾತೇ ಅದರ ಹೆಸರಾಯಿತು. ಇಲಿ, ಹಕ್ಕಿಗಳಿಗೆ ಮುನ್ಸೂಚನೆ ಸಿಗಲೆಂದು ಅಮ್ಮ ಅದರ ಕೊರಳಿಗೆ ಒಂದು ಸಣ್ಣ ಗೆಜ್ಜೆ ಕಟ್ಟಿದರು.

2016ರ ಬೇಸಗೆಯಲ್ಲಿ, ಪುಚ್ಚೆಗೆ ಹದಿಮೂರು ತುಂಬುವ ಹೊತ್ತಿಗೆ, ಅದು ಬೋಗುಣಿಯ ನೀರನ್ನು ಮತ್ತೆ ಮತ್ತೆ ಕುಡಿಯತೊಡಗಿತು. ಬಿಸಿಲಿನ ಧಗೆಯಿರಬಹುದೆಂದು ಮನೆಯವರು ಸುಮ್ಮನಿದ್ದರು. ಮೂತ್ರ ಹೆಚ್ಚಾಯಿತು, ಮೈ ಇಳಿಯಿತು, ರೋಮ ಒರಟಾಯಿತು. ಮಂಗಳೂರಿನ ಪಶುವೈದ್ಯರು ರಕ್ತ ಪರೀಕ್ಷಿಸಿ, ಮೂತ್ರಪಿಂಡಗಳು ಸೊರಗಿವೆಯೆಂದು ತಿಳಿಸಿದರು. ವಯಸ್ಸಾದ ಬೆಕ್ಕುಗಳಲ್ಲಿ ಇದು ಅತಿ ಸಾಮಾನ್ಯವಾದ ರೋಗ. ಮೂತ್ರಪಿಂಡದ ಬಹುಭಾಗ ಕೆಟ್ಟ ಮೇಲೆಯೇ ಹೊರಗೆ ಲಕ್ಷಣ ಕಾಣುವುದರಿಂದ ಮನೆಯವರಿಗೆ ತಿಳಿಯುವಾಗ ತಡವಾಗಿರುತ್ತದೆ. ಕೆಟ್ಟ ಭಾಗ ಮರಳಿ ಚಿಗುರುವುದಿಲ್ಲ. ಉಳಿದಿರುವ ಭಾಗದ ಹೊರೆಯನ್ನು ಹಗುರಗೊಳಿಸಿ, ಸಂಕಟವನ್ನು ತಗ್ಗಿಸಿ, ಆಯುಷ್ಯವನ್ನು ಸುಗಮಗೊಳಿಸಬಹುದಷ್ಟೆ. ಇದಕ್ಕಾಗಿ ರಂಜಕ ಕಡಿಮೆಯಿರುವ ಆಹಾರ, ರಕ್ತದೊತ್ತಡಕ್ಕೆ ಒಂದು ಮಾತ್ರೆಯ ಚೂರು, ಎರಡು ದಿನಕ್ಕೊಮ್ಮೆ ಚರ್ಮದಡಿ ನೂರು ಮಿಲಿಲೀಟರ್ ಲವಣದ್ರವ ನಿಗದಿಯಾದವು. ಒತ್ತಡ ಏರಿದರೆ ಕಣ್ಣಿನ ಪರದೆ ಕಳಚಿ ಕುರುಡಾಗುವ ಭಯವಿದೆಯೆಂದೂ, ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ ವಿಷವೆಂದೂ ವೈದ್ಯರು ಎಚ್ಚರಿಸಿದರು.

ಔಷಧಿಗಿಂತ ದೊಡ್ಡ ಸಮಸ್ಯೆ ಆಹಾರದ್ದು. ನಾಯಿ ಅನ್ನ, ಹಾಲು, ಬೇಳೆಗಳ ಮೇಲೆ ತಕ್ಕಮಟ್ಟಿಗೆ ಬದುಕಬಲ್ಲದು. ಬೆಕ್ಕಿನ ಶರೀರಧರ್ಮ ಬೇರೆ. ಟಾರಿನ್ ಎಂಬ ಸತ್ತ್ವವನ್ನು ಅದು ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಅದರ ಕೊರತೆಯಾದರೆ ಕಣ್ಣೂ ಹೃದಯವೂ ಕೆಡುತ್ತವೆ. ಇಷ್ಟು ವರ್ಷ ಹಾಲನ್ನವಿಟ್ಟು ಸಾಕಿದೆವೆಂಬ ಸಮಾಧಾನದ ಹಿಂದೆ, ಹಟ್ಟಿಯ ಇಲಿಗಳು ಅದನ್ನು ಬದುಕಿಸಿದ್ದವೆಂಬ ಸತ್ಯ ದಂಪತಿಗಳಿಗೆ ಆಗ ಅರಿವಾಯಿತು. ಈಗ ಬೇಟೆಯ ಶಕ್ತಿ ಇರಲಿಲ್ಲ. ವೈದ್ಯರು ಸೂಚಿಸಿದ ಡಬ್ಬಿಯ ಆಹಾರದಲ್ಲಿ ಮಾಂಸಾಂಶವಿತ್ತು.

ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳಿದೆ. ಆಶ್ರಿತ ಪ್ರಾಣಿಗೆ ಅದರ ಆಹಾರವನ್ನು ತಡೆದರೆ ಐದನೆಯ ದೋಷ. ಕೊಟ್ಟರೆ ಎಲ್ಲೋ ನಡೆದ ಕೊಲೆಗೆ ಹಣ ತೆತ್ತಂತೆ. ಅಧ್ಯಾಪಕರು ಕೆಲವು ದಿನ ತೊಳಲಾಡಿ, ಕೊಲ್ಲುವ ಸಂಕಲ್ಪ ಇಲ್ಲದಿರುವುದರಿಂದ ದೋಷವಿಲ್ಲವೆಂದು ತೀರ್ಮಾನಿಸಿದರು. ಅಮ್ಮ ಒಪ್ಪಲಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು ಭವಭವಗಳಲ್ಲಿ ತೊಳಲಿದ ಯಶೋಧರನ ಕಥೆಯನ್ನು ಜನ್ನನ ಕಾವ್ಯದಿಂದ ಅವರು ಬಲ್ಲವರು. “ಆ ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ, ಸಂಕಲ್ಪವಿತ್ತು. ಈ ಡಬ್ಬಿಯಲ್ಲಿ ನಮ್ಮ ಸಂಕಲ್ಪವಿಲ್ಲ, ಆದರೆ ಒಂದು ಜೀವ ಹೋಗಿದೆ. ದೋಷವಿಲ್ಲ ಎನ್ನಬೇಡಿ. ದೋಷವಿದೆ, ಹೊರುತ್ತೇವೆ ಎನ್ನಿ” ಎಂದರು.

ಸಮಾಜದ ಸಂಸ್ಥೆಗಳಿಗೂ ಈ ಸಂದಿಗ್ಧ ಹೊಸದಲ್ಲ. ದೆಹಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯವು ಸಸ್ಯಾಹಾರಿ ಪಕ್ಷಿಗಳನ್ನು ಒಳಗಿಟ್ಟುಕೊಂಡು ಉಪಚರಿಸಿದರೆ, ಗಿಡುಗ, ಹದ್ದುಗಳಂಥ ಮಾಂಸಾಹಾರಿಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ ನೀಡುವ ಕ್ರಮವನ್ನಿಟ್ಟುಕೊಂಡಿತು. ಆಚಾರದ ಗೆರೆಯನ್ನು ಅಳಿಸದೆ, ಗಾಯಗೊಂಡು ಬಂದ ಜೀವವನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸದೆ ಕಂಡುಕೊಂಡ ದಾರಿಯದು. ಮೂಡುಬಿದಿರೆಯ ಮನೆಯಲ್ಲಿಯೂ ಇಂಥದೇ ಒಂದು ಏರ್ಪಾಡಾಯಿತು. ಡಬ್ಬಿಯೂ ಪಾತ್ರೆಯೂ ಹಟ್ಟಿಯಲ್ಲೇ ಉಳಿದವು. ವೈದ್ಯರು ಹೇಳಿದ ಅಳತೆಗಿಂತ ಒಂದು ಚಮಚವನ್ನೂ ಹೆಚ್ಚು ಕೊಳ್ಳಲಿಲ್ಲ. ಅಷ್ಟಮಿ, ಚತುರ್ದಶಿಗಳಂದು ದಂಪತಿಗಳಿಬ್ಬರೂ ಪ್ರಾಯಶ್ಚಿತ್ತವಾಗಿ ಏಕಾಶನ ಮಾಡಿದರು. ಇದರಿಂದ ದೋಷ ತೊಳೆದುಹೋಯಿತೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ.

ಇನ್ನು ದಿನನಿತ್ಯದ ಸೇವೆ. ಲವಣದ್ರವದ ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಅಮ್ಮ ಬೆಕ್ಕನ್ನು ಮಡಿಲಲ್ಲಿ ಹಿಡಿದರೆ ಅಧ್ಯಾಪಕರು ಭುಜಗಳ ನಡುವಿನ ಸಡಿಲ ಚರ್ಮವನ್ನೆತ್ತಿ ಸೂಜಿ ಚುಚ್ಚಬೇಕು. ಇರುವೆಯನ್ನೂ ನೋಡಿ ಹೆಜ್ಜೆಯಿಡುತ್ತಿದ್ದವರ ಕೈ ಮೊದಲ ದಿನಗಳಲ್ಲಿ ನಡುಗಿತು. ವಾಂತಿ, ನೆಲದ ಮೇಲಿನ ಮೂತ್ರ, ಬಾಯಿಯ ದುರ್ವಾಸನೆ ನಿತ್ಯದ ಮಾತಾದವು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಉದ್ದಾಯನ ರಾಜನನ್ನು ನಿದರ್ಶನವಾಗಿ ಹೆಸರಿಸಿದೆ. ರೋಗಿಯಾದ ಮುನಿಯ ವಾಂತಿ ಮೈಮೇಲೆ ಬಿದ್ದರೂ ಹೇಸದೆ ಸೇವೆ ಮಾಡಿದ ರಾಜನವನು. ಆ ಕಥೆಯನ್ನು ಅಧ್ಯಾಪಕರು ಪಾಠಶಾಲೆಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದರು. ಒಳತಪಸ್ಸುಗಳಲ್ಲೊಂದಾದ ವೈಯಾವೃತ್ತ್ಯವು ಮುನಿಗಳ ಸೇವೆಗೆ ಹೇಳಿದ ಮಾತು. ಬೆಕ್ಕಿನ ಆರೈಕೆಗೆ ಆ ಹೆಸರು ಸಲ್ಲದೆಂಬುದನ್ನೂ ಅವರು ಬಲ್ಲರು. ಆದರೆ ಹೇಸಿಗೆಯನ್ನು ಗೆಲ್ಲುವ ಅಭ್ಯಾಸ ಗ್ರಂಥದಿಂದ ಬಾರದೆ, ನೆಲ ಒರೆಸುವ ಬಟ್ಟೆಯಿಂದ ಬಂದಿತೆಂದು ಪತ್ನಿಯ ಬಳಿ ಒಪ್ಪಿಕೊಂಡರು.

2018ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಬಂದಿತು. 2006ರಲ್ಲಿ ದಂಪತಿಗಳು ಜೊತೆಯಾಗಿ ಹೋಗಿದ್ದರು. ಮತ್ತೆ ಬರುವುದು 2030ರಲ್ಲಿ, ಅಧ್ಯಾಪಕರಿಗಾಗಲೇ ಎಪ್ಪತ್ತು ದಾಟಿತ್ತು. ಪುಚ್ಚೆಗೆ ಸೂಜಿ ಹಾಕಬಲ್ಲವರು ಊರಿನಲ್ಲಿ ಬೇರಾರೂ ಇರಲಿಲ್ಲ. ಹೊರಡುವ ದಿನಕ್ಕೆ ಮುಂಚಿನ ರಾತ್ರಿ, ಇದು ಇಷ್ಟರಲ್ಲೇ ತೀರಿಹೋಗಬಾರದಿತ್ತೇ ಎಂಬ ಭಾವ ಅವರ ಮನಸ್ಸಿನಲ್ಲಿ ಸುಳಿಯಿತು. ಕೊಲ್ಲುವ ಸಂಕಲ್ಪವೇ ಇಲ್ಲವೆಂದು ವಾದಿಸಿದವರಿಗೆ ತಮ್ಮೊಳಗಿನ ಆ ಭಾವ ಕಂಡು ದಿಗಿಲಾಯಿತು. ಅದೂ ಬಾಹುಬಲಿಸ್ವಾಮಿಯ ದರ್ಶನದ ಆಸೆಯಿಂದ ಹುಟ್ಟಿದ್ದು! ಬೆಳಗ್ಗೆ ಪತ್ನಿಗೆ ಎಲ್ಲವನ್ನೂ ಹೇಳಿದರು. “ನಾನೇ ಉಳಿಯುತ್ತೇನೆ, ನೀವು ಹೋಗಿ ಬನ್ನಿ” ಎಂದರು ಅಮ್ಮ. “ಬೇಡ, ನೀನು ಹೋಗು. ಈ ಭಾವವನ್ನು ಹೊತ್ತು ನಾನು ಬೆಟ್ಟದ ಎದುರು ನಿಲ್ಲಲಾರೆ” ಎಂದು ಅವರು ಮನೆಯಲ್ಲೇ ಉಳಿದರು. ಪುಚ್ಚೆಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಗಳ ನಡುವೆ ಹಿಡಿದು ಒಬ್ಬರೇ ಸೂಜಿ ಹಾಕಿದರು. ಅಭಿಷೇಕವನ್ನು ದೂರದರ್ಶನದಲ್ಲಿ ನೋಡಿದರು. ದುಃಖವಾಗಲಿಲ್ಲವೆಂದರೆ ಸುಳ್ಳಾದೀತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಪುಚ್ಚೆ ತೀರ ಬಳಲಿತು. ಒಂದು ಚುಚ್ಚುಮದ್ದಿನಿಂದ ನೋವಿಲ್ಲದೆ ಕೊನೆಗಾಣಿಸಬಹುದೆಂದು ವೈದ್ಯರು ಸಹಾನುಭೂತಿಯಿಂದಲೇ ಹೇಳಿದರು. ಸಲ್ಲೇಖನವನ್ನು ಒಪ್ಪುವ ಸಮಾಜಕ್ಕೆ ಇದೇಕೆ ಒಪ್ಪಿಗೆಯಾಗದು ಎಂದು ಬೆಂಗಳೂರಿನಲ್ಲಿದ್ದ ಮಗ ಕೇಳಿದನು. ಅಧ್ಯಾಪಕರು, ಸಲ್ಲೇಖನವು ತಿಳಿದವನು ತಾನೇ ಕೈಗೊಳ್ಳುವ ವ್ರತವೆಂದೂ ಒಬ್ಬರ ವ್ರತವನ್ನು ಇನ್ನೊಬ್ಬರು ಸ್ವೀಕರಿಸಲಾಗದೆಂದೂ ಉತ್ತರಿಸಿದರು. ಬೆಕ್ಕಿನ ಒಪ್ಪಿಗೆಯನ್ನು ಕೇಳುವವರಾರು? ಅಮ್ಮನಿಗೆ ಮಾತ್ರ ಅಷ್ಟರಿಂದ ಸಮಾಧಾನವಾಗಲಿಲ್ಲ. ಅಸಹ್ಯ ವೇದನೆಯನ್ನು ತತ್ತ್ವದ ಹೆಸರಿನಲ್ಲಿ ನೋಡುತ್ತ ಕುಳಿತಿರುವುದೂ ಕ್ರೌರ್ಯವಲ್ಲವೇ ಎಂಬುದು ಅವರ ಕೊರಗು. ಕೊನೆಗೆ ಇಬ್ಬರೂ ವೈದ್ಯರ ಬಳಿ ಬೇರೊಂದನ್ನು ಕೇಳಿದರು: ನೋವನ್ನು ಮಾತ್ರ ತಗ್ಗಿಸುವ ಮದ್ದಿದೆಯೇ? ಇತ್ತು. ಬಲವಂತದ ಊಟವನ್ನೂ ಸೂಜಿಯನ್ನೂ ನಿಲ್ಲಿಸಿ, ನೋವಿನ ಮದ್ದನ್ನು ಮುಂದುವರಿಸಲಾಯಿತು. ಪ್ರತಿದಿನ ಅಮ್ಮ ತಮ್ಮನ್ನೇ ಕೇಳಿಕೊಂಡ ಪ್ರಶ್ನೆ ಒಂದೇ: ಈಗ ಸಹಿಸಲಾಗದಿರುವುದು ಅದಕ್ಕೋ, ತಮಗೋ?

ಪುಚ್ಚೆ ಆರು ದಿನ ಬದುಕಿತ್ತು. ಬೆಳಗಿನ ಹೊತ್ತು ಅಂಗಳದ ಬಿಸಿಲಿಗೆ ಎತ್ತಿ ಮಲಗಿಸಿದರೆ ಕಣ್ಣು ಮುಚ್ಚಿ ಮೈಚಾಚುತ್ತಿತ್ತು. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳಿ, ಅದು ಯಕ್ಷನಾಗಿ ಹುಟ್ಟಿದ ಕಥೆ ಅಮ್ಮನಿಗೆ ನೆನಪಿತ್ತು. ಏಳನೆಯ ದಿನ ನಸುಕಿನಲ್ಲಿ ಉಸಿರು ಎಳೆಯತೊಡಗಿದಾಗ ಅವರು ಕೊರಳಿನ ಗೆಜ್ಜೆಯನ್ನು ಬಿಚ್ಚಿ, ಮೆಲುದನಿಯಲ್ಲಿ ಣಮೋಕಾರವನ್ನು ಪಠಿಸಿದರು. ಅಧ್ಯಾಪಕರೂ ದನಿಗೂಡಿಸಿದರು. ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ಚುಚ್ಚುಮದ್ದು ಬೇಡವೆಂದದ್ದು ಸರಿಯಾಯಿತೇ ಎಂಬ ಪ್ರಶ್ನೆ ಅಮ್ಮನನ್ನು ಆ ಬಳಿಕವೂ ಪೂರ್ಣವಾಗಿ ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲವೆಂದು ಅವರು ತಿಳಿದರು.

ಈ ಸಂಗತಿಯಿಂದ ಕುಟುಂಬಗಳೂ ಬಸದಿಗಳ ಆಡಳಿತ ನೋಡುವವರೂ ಎಣಿಸಬೇಕಾದದ್ದು ಇಷ್ಟು. ಒಂದು ಮರಿಯನ್ನು ಮನೆಗೆ ತರುವವರು ಹದಿನೈದು ವರ್ಷದ ಹೊಣೆಯನ್ನು ತರುತ್ತಾರೆ. ಅದರ ಕೊನೆಯ ಭಾಗದಲ್ಲಿ ಆಟವಿಲ್ಲ, ಉಪಯೋಗವಿಲ್ಲ, ಆರೈಕೆ ಮಾತ್ರ ಇರುತ್ತದೆ. ಗೋಶಾಲೆ, ಪಿಂಜರಾಪೋಲುಗಳಿಗೆ ದಾನ ಕೊಡುವವರು ಪ್ರಾಣಿಯನ್ನು ತರುವ ಖರ್ಚಿನ ಜೊತೆಗೆ ಅದರ ಮುಪ್ಪಿನ ಔಷಧಿಗೂ ಒಂದು ಪಾಲನ್ನು ತೆಗೆದಿಡಬೇಕು. ಒಂದು ಜೀವವನ್ನು ಉಳಿಸಿದ ದಿನ ದಯೆಯ ಆರಂಭವಷ್ಟೆ. ಸೂಜಿ ಹಾಕಬೇಕಾದ ದಿನ ಬೇರೆಲ್ಲಿಗೋ ಹೋಗಬೇಕೆಂದು ಮನಸ್ಸು ಎಳೆಯುವಾಗ ಅದರ ಪರೀಕ್ಷೆ ನಡೆಯುತ್ತದೆ.